ಮಾಳಿಗೆ ಮೇಲೆ ಸಂಜೆ ಸೆಟ್: ಬ್ಯಾಲಿಯಾರಿಕ್‌ನಿಂದ ನು-ಡಿಸ್ಕೋಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಹೊತ್ತು ಮುಳುಗುವುದು ಡಿಸೆಂಬರ್‌ನಲ್ಲಿ 6ರ ಆಸುಪಾಸು, ಮೇ ತಿಂಗಳಲ್ಲಿ 6:50ರ ಸುಮಾರಿಗೆ. ಮಾಳಿಗೆಯ ಮೇಲಿನ ಡಿಜೆ ಸೆಟ್, ಅಂದರೆ ಒಂದಕ್ಕೊಂದು ಬೆರೆಸಿ ನುಡಿಸುವ ಹಾಡುಗಳ ಸರಣಿ, ಅದಕ್ಕೊಂದು ತಾಸು ಮೊದಲೇ ಶುರುವಾಗಲಿ. ಸ್ಪೇನಿನ ಇಬೀಝಾ ದ್ವೀಪದಲ್ಲಿ 1980ರಲ್ಲಿ ತೆರೆದ ಕೆಫೆ ಡೆಲ್ ಮಾರ್ ಬಾರ್‌ಗೆ ಹೆಸರು ತಂದ ಡಿಜೆ ಹೊಸೆ ಪಡಿಯಾ ಹಾಡು ಆರಿಸುತ್ತಿದ್ದುದೇ ಮುಳುಗುವ ಸೂರ್ಯನನ್ನು ನೋಡಿಕೊಂಡು. ಇಬೀಝಾದ ಈ ನಿಧಾನ ಶೈಲಿಯೇ ಬ್ಯಾಲಿಯಾರಿಕ್. ಹಾಡಿನ ಪ್ರಕಾರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರೆಗ್ಗೇ, ಪಾಪ್, ಗಿಟಾರ್ ಎಲ್ಲವೂ ನಡೆಯುತ್ತದೆ.

ಬಿಸಿಲಿರುವಾಗ ಬ್ಯಾಲಿಯಾರಿಕ್, 90ರಿಂದ 100 ಬಿಪಿಎಂ (ನಿಮಿಷಕ್ಕೆ ಬೀಳುವ ಬೀಟ್‌ಗಳು). ಕತ್ತಲಾದ ಮೇಲೆ ಹಳೆಯ ಡಿಸ್ಕೋ ಮತ್ತು ಅದರ ಹೊಸ ರೂಪವಾದ ನು-ಡಿಸ್ಕೋ, 112ರಿಂದ 118. ನಡುವಿನ ಜಿಗಿತವನ್ನು ಪಿಚ್ ಫೇಡರ್‌ನಿಂದ (ಹಾಡಿನ ವೇಗ ಬದಲಿಸುವ ಜಾರುಗುಂಡಿ) ಸಾಧಿಸಲು ಹೋದರೆ ಕೆಡುತ್ತದೆ: 100ರಿಂದ 112ಕ್ಕೆ ಶೇ 12 ಏರಿಕೆ, ವೇಗ ಬದಲಾದರೂ ಶ್ರುತಿ ಕಾಯುವ ಕೀ ಲಾಕ್ ಹಾಕಿದರೂ ಗಾಯನ ಒಡೆದಂತೆ ಕೇಳುತ್ತದೆ. ತಾಳವೇ ಇಲ್ಲದ ಒಂದು ಹಾಡನ್ನು ಸೂರ್ಯ ಮುಳುಗುವ ಹೊತ್ತಿಗೆ ಇಟ್ಟುಕೊಳ್ಳಿ. ಅದು ಕರಗುತ್ತಿದ್ದಂತೆ ಹೊಸ ವೇಗದ ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಶುರು ಮಾಡಿ. ಉಳಿದ ಕಡೆ ಹಾಡಿನ ವೇಗ ಬದಲಿಸುವಾಗ ಶೇ 3 ದಾಟಬೇಡಿ.

ಹೆಚ್ಚು ತೊಂದರೆ ಕೊಡುವುದು ಹಳೆಯ ಡಿಸ್ಕೋ. ಡ್ರಮ್ ಬಾರಿಸಿದ್ದು ಮನುಷ್ಯ, ವೇಗ ಹಾಡಿನುದ್ದಕ್ಕೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಸಾಫ್ಟ್‌ವೇರ್ ಹಾಕಿದ ಬೀಟ್‌ಗ್ರಿಡ್ (ಬೀಟ್‌ಗಳು ಎಲ್ಲಿ ಬೀಳುತ್ತವೆಂಬ ಗುರುತುಗಳು) ಮೊದಲ ನಿಮಿಷಕ್ಕೆ ಸರಿಯಿದ್ದು ಮೂರನೇ ನಿಮಿಷಕ್ಕೆ ತಪ್ಪಿರುತ್ತದೆ. ಎರಡು ಹಾಡಿನ ತಾಳ ತಾನಾಗಿ ಹೊಂದಿಸುವ ಸಿಂಕ್ ಒತ್ತಿದರೆ ಎರಡು ಕಿಕ್ ಕುದುರೆ ಓಟದಂತೆ ಕೇಳುವುದು ಇದರಿಂದಲೇ. ಪ್ರತಿ 16 ಬಾರ್‌ಗೊಮ್ಮೆ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಮೊದಲ ಬೀಟ್ ಮೇಲೆ ಕೈಯಾರೆ ಗ್ರಿಡ್ ಗುರುತು ಹಾಕಿ. ಸಮಯವಿಲ್ಲವೆಂದರೆ ಕೊನೆಯ 4 ಬಾರ್ ಮತ್ತೆ ಮತ್ತೆ ನುಡಿಯುವಂತೆ ಲೂಪ್ ಮಾಡಿ, ಅದರ ಮೇಲೆ ಮುಂದಿನ ಹಾಡು ತನ್ನಿ. ಬದಲಾಯಿಸುವಾಗ ಎರಡೂ ಬೇಸ್‌ಲೈನ್ ಒಟ್ಟಿಗೆ ಬೇಡ. ಒಂದರ ಲೋ (ಬೇಸ್ ಹೆಚ್ಚು-ಕಡಿಮೆ ಮಾಡುವ ನಾಬ್) ಇಳಿಸಿಯೇ ಇನ್ನೊಂದರದ್ದು ಏರಿಸಿ.

ಬಯಲಿನಲ್ಲಿ ಬೇಸ್ ಚದುರಿಹೋಗುತ್ತದೆ. ಲೋ ನಾಬ್ ತಿರುಗಿಸುತ್ತ ಹೋದರೆ ಸ್ಪೀಕರಿನ ಲಿಮಿಟರ್ (ಅತಿಯಾದ ಸದ್ದನ್ನು ತಡೆಯುವ ವ್ಯವಸ್ಥೆ) ಅಡ್ಡ ಬಂದು ಕಿಕ್ಕೇ ಸತ್ತುಹೋಗುತ್ತದೆ. ಬದಲಿಗೆ ಬೇಸ್‌ಗೆಂದೇ ಇರುವ ಸ್ಪೀಕರ್, ಸಬ್‌ವೂಫರನ್ನು ಪ್ಯಾರಪೆಟ್ ಗೋಡೆಯ ಮೂಲೆಗೆ ಒತ್ತಿಡಿ, ಅದೊಂದರಿಂದಲೇ ಬೇಸ್ ಎದ್ದು ಕೇಳುತ್ತದೆ. ಲ್ಯಾಪ್‌ಟಾಪಿಗೆ ನೀರಿನ ಟ್ಯಾಂಕಿನ ಪೂರ್ವದ ನೆರಳೇ ಸರಿಯಾದ ಜಾಗ. ಪಡುವಣ ಬಿಸಿಲು ಬಿದ್ದರೆ ಪರದೆ ಕಾಣುವುದಿಲ್ಲ, ಯಂತ್ರ ಕಾದು ಹಾಡು ತಡವರಿಸುತ್ತದೆ.

ಕರೆಂಟ್ ಹೋದ ಕೂಡಲೇ ಸ್ಪೀಕರ್ ಸ್ವಿಚ್ ಆಫ್ ಮಾಡಿ. ಬಂದ ಮೇಲೆ ಮೊದಲು ಕಂಟ್ರೋಲರ್ (ಹಾಡು ಬೆರೆಸುವ ಸಾಧನ), ಕೊನೆಗೆ ಸ್ಪೀಕರ್ ಆನ್ ಮಾಡಿ. ಉಲ್ಟಾ ಆದರೆ ಧಡ್ ಎಂಬ ಹೊಡೆತ ವೂಫರ್ ಕೋನಿಗೆ ಬೀಳುತ್ತದೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಮೊದಲೇ ಪಡೆಯಿರಿ, ರಾತ್ರಿ 10ಕ್ಕೆ ನಿಲ್ಲಿಸಲೇಬೇಕು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ಹಾಗಾಗಿ ಸ್ಪೀಕರ್‌ಗಳ ಮುಖ ನೆರೆಮನೆಯ ಕಿಟಕಿ ಇಲ್ಲದ ದಿಕ್ಕಿಗಿರಲಿ.