ಬಡಿಸಿದವರು ಕೊನೆಗೆ ಉಣ್ಣಬೇಕು

ಮೂರು ವರ್ಷ ನನ್ನ ಮಾತನ್ನು ಯಾರೂ ನಂಬಲಿಲ್ಲ. ಈಗ ನಮ್ಮ ಶಾಲೆಯಲ್ಲಿ ದೊಡ್ಡ ಮಕ್ಕಳು ಸಣ್ಣ ಮಕ್ಕಳು ಬಳಗವಾಗಿ ಸೇರಿ ಕೂತು ಮಧ್ಯಾಹ್ನ ಉಣ್ಣುವುದನ್ನು ಹತ್ತಿರದ ಮೂರು ಶಾಲೆಯವರು ಬಂದು ನೋಡಿ ಹೋಗಿದ್ದಾರೆ. ಫೋನ್ ಮಾಡಿ ಕೇಳುವವರೂ ಇದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಆಚೆ, ಇಗರ್ಜಿಯ (ಚರ್ಚಿನ) ಪಕ್ಕದಲ್ಲೇ ಇರುವ ಎಲ್.ಪಿ. ಶಾಲೆ ನಮ್ಮದು, ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ. ಕನ್ನಡ ಮಾಧ್ಯಮ, ಎಯ್ಡೆಡ್, ಅಂದರೆ ಸರಕಾರದ ಅನುದಾನ ಇರುವ ಖಾಸಗಿ ಶಾಲೆ. ನಾನು ಶುರು ಮಾಡಿದಾಗ 74 ಮಕ್ಕಳು. ಅವರಲ್ಲಿ ಕ್ರೈಸ್ತರ ಮಕ್ಕಳು ಹದಿನೈದೋ ಹದಿನಾರೋ ಇದ್ದಿರಬೇಕು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ, ಹವ್ಯಕ, ಬೆಂಚಿನಲ್ಲಿ ಕೂತ ಮೇಲೆ ಕನ್ನಡ. ಗಡಿಯ ಶಾಲೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಕೊರೋನಾದ ರಜೆ ಮುಗಿದು 2021ರ ನವೆಂಬರ್ 1ಕ್ಕೆ ಶಾಲೆ ತೆರೆಯಿತಲ್ಲ, ಆಮೇಲೆ ಬಂದ ಮಕ್ಕಳು ಬೇರೆಯೇ ಥರ ಇದ್ದರು. ಗಲಾಟೆ ಇಲ್ಲ, ಮಾತೂ ಇಲ್ಲ. ಹನ್ನೊಂದು ಗಂಟೆ ಆಗುವಾಗ ಶುರುವಾಗುತ್ತಿತ್ತು. "ಟೀಚರೇ, ಬಂಜಿ ಬೇನೆ." ಇನ್ನೊಂದು ಮಗು "ಪೊಟಾಂತ್ ದುಕ್ತಾ" ಅನ್ನುತ್ತಿತ್ತು. ಮತ್ತೊಂದು "ವಯರು ವೇದನ" ಅಂತ ಅಳುತ್ತಿತ್ತು. ಎಲ್ಲ ಭಾಷೆಯಲ್ಲೂ ಹೊಟ್ಟೆನೋವೇ. ದಿನಕ್ಕೆ ಏಳೆಂಟು ಮಕ್ಕಳು ಆಫೀಸಿನ ಹೊರಗಿನ ಬೆಂಚಿನಲ್ಲಿ ಮಲಗಿರುತ್ತಿದ್ದರು. ಸೋಮವಾರ ಹತ್ತಕ್ಕೂ ಜಾಸ್ತಿ. ಓಮದ ನೀರು ಕೊಟ್ಟೆವು, ಮನೆಗೆ ಫೋನ್ ಮಾಡಿದೆವು. ಮರುದಿನ ಅದೇ ಮಕ್ಕಳು, ಅದೇ ಬೆಂಚು.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪಾಯಿತು. "ಮನಸ್ಸಿನ ಪೆಟ್ಟಿಗೆ" ಅಂತ ಒಂದು ಮರದ ಪೆಟ್ಟಿಗೆ ಮಾಡಿಸಿದೆ, 650 ರೂಪಾಯಿ. ಹೇಳಲಾಗದ್ದನ್ನು ಬರೆದು ಹಾಕಿ ಅಂದೆ. ಒಂದನೇ ಎರಡನೇ ಕ್ಲಾಸಿನವರಿಗೆ ಬರೆಯಲು ಬರುವುದಿಲ್ಲ ಎಂಬುದು ಪೆಟ್ಟಿಗೆ ಗೋಡೆಗೆ ಹೊಡೆದ ಮೇಲೆ ತಲೆಗೆ ಹೋಯಿತು. ದೊಡ್ಡವರು ಬರೆದದ್ದು ರಬ್ಬರ್ ಕಳೆದುಹೋದ ದೂರು. ಒಂದೇ ಒಂದು ಚೀಟಿ ನಿಜವಾದದ್ದು ಬಂತು. ರಾತ್ರಿ ಅಪ್ಪ ಕುಡಿದು ಬರುವ ಸಂಗತಿ. ಅಕ್ಷರ ನೋಡಿ ಯಾರೆಂದು ಗೊತ್ತಾಯಿತು. ನಾನು ಅವಸರಪಟ್ಟು ತಾಯಿಯನ್ನು ಆಫೀಸಿಗೆ ಕರೆಸಿದೆ. ಆ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೂ ನನ್ನ ಮುಖ ನೋಡಲಿಲ್ಲ. ಆ ವರ್ಷ ಪೂರ್ತಿ ನೋಡಲಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಅದು. ಪೆಟ್ಟಿಗೆಯನ್ನು ಅಲ್ಲಿಗೇ ತೆಗೆಸಿದೆ.

ಆಮೇಲೆ ನಾಲ್ಕು ಬಣ್ಣದ ತಂಡ, ಅಂಕ, ಹೆಗಲಿಗೆ ಪಟ್ಟಿ. ಪಟ್ಟಿ ಹೊಲಿಸಲು 3,200 ಚಿಲ್ಲರೆ ಹೋಯಿತು. ಓಟದಲ್ಲಿ ಹಿಂದೆ ಬಿದ್ದ ಒಂದನೇ ಕ್ಲಾಸಿನ ಮಗುವಿಗೆ ಅದರ ತಂಡದವರೇ ಬೈದರು, "ನಿನ್ನಿಂದಾಗಿ ಸೋತೆವು" ಅಂತ. ಅಕ್ಟೋಬರಿಗೆ ನಿಲ್ಲಿಸಿದೆ. ಅಂಕ ಕೊಡುವ ಯಾವುದನ್ನೂ ಸಣ್ಣ ಮಕ್ಕಳ ಹತ್ತಿರ ತರಬೇಡಿ. ಇದನ್ನು ನಾನು ಖಡಾಖಂಡಿತ ಹೇಳುತ್ತೇನೆ.

ಎರಡನೇ ವರ್ಷ ಹೊರಗಿನಿಂದ ಒಬ್ಬರನ್ನು ಕರೆಸಿ ಒಂದು ದಿನದ ಕಾರ್ಯಕ್ರಮ ಮಾಡಿಸಿದೆವು. ಪಿ.ಟಿ.ಎ.ಯಿಂದ 4,000 ರೂಪಾಯಿ. ಮಕ್ಕಳು ಕುಣಿದರು, ನಕ್ಕರು. ಸೋಮವಾರ ಬೆಂಚು ಪುನಃ ತುಂಬಿತು. ಶಾಲೆಯ ಮೇನೇಜರ್ ಆಗಿರುವ ಇಗರ್ಜಿಯ ಫಾದರ್ ಆಗ ಮೆಲ್ಲ ಹೇಳಿದರು, "ಟೀಚರೇ, ದುಡ್ಡು ಹಾಕಿ ಆಗುವ ಕೆಲಸ ಇದಲ್ಲವೇನೋ." ನನಗೆ ಬೇಜಾರಾಯಿತು. ಆದರೆ ಅವರು ಹೇಳಿದ್ದು ಸರಿಯೇ ಇತ್ತು.

ದಾರಿ ಸಿಕ್ಕಿದ್ದು ಊಟದ ಹೊತ್ತಿನಲ್ಲಿ. ನಮ್ಮಲ್ಲಿ ಮಕ್ಕಳು ಕ್ಲಾಸಿನ ಪ್ರಕಾರ ಸಾಲಾಗಿ ಕೂತು ಉಣ್ಣುತ್ತಿದ್ದರು. ಒಂದನೇ ಕ್ಲಾಸಿನವರ ಸಾಲು ನೋಡಿದರೆ ಅರ್ಧ ಅನ್ನ ಬಟ್ಟಲಲ್ಲೇ. ಅದೇ ಹೊತ್ತಿಗೆ, ಸಾಲು ತಪ್ಪಿಸಿ ಅಕ್ಕನ ಪಕ್ಕ ಹೋಗಿ ಕೂತ ಒಂದು ಮಗು ಪೂರ್ತಿ ಉಂಡು ಕೈ ತೊಳೆಯಲು ಹೋಗುತ್ತಿತ್ತು. ಅಲ್ಲೇ ನನಗೆ ಹೊಳೆಯಿತು. ಮನೆಯಲ್ಲಿ ಯಾರಾದರೂ ವಯಸ್ಸಿನ ಪ್ರಕಾರ ಸಾಲಾಗಿ ಕೂತು ಉಣ್ಣುತ್ತಾರಾ?

2023ರ ಜೂನಿನಲ್ಲಿ ಎಂಟು ಬಳಗ ಮಾಡಿದೆ. ಒಂದು ಬಳಗದಲ್ಲಿ ಒಂಬತ್ತು ಮಕ್ಕಳು, ಕೆಲವದರಲ್ಲಿ ಹತ್ತು. ನಾಲ್ಕೂ ಕ್ಲಾಸಿನವರು ಸೇರಿ. ಸುತ್ತ ಕೂತು ಊಟ, ಜೊತೆಗೆ ಒಬ್ಬರು ದೊಡ್ಡವರು. ಅರಬಿ ಟೀಚರ್ ಮೊದಲ ದಿನವೇ ಬಟ್ಟಲು ಹಿಡಿದು ಬಂದು ಕೂತರು, ಅದನ್ನು ನಾನು ಮರೆಯುವುದಿಲ್ಲ. ಅಡುಗೆಯ ಅಕ್ಕನಿಗೂ ಒಂದು ಬಳಗ ಕೊಟ್ಟೆ. ಸಂತರ ಹೆಸರಿಡೋಣ ಅಂತ ಸಿಸ್ಟರ್ ಹೇಳಿದರು. ಮಕ್ಕಳು ಅಷ್ಟರಲ್ಲಿ ಕೂತ ಜಾಗದ ಹೆಸರೇ ಇಟ್ಟುಕೊಂಡಾಗಿತ್ತು. ಬಾವಿಕಟ್ಟೆ ಬಳಗ, ಮೆಟ್ಟಿಲು ಬಳಗ, ಗಂಟೆ ಬಳಗ, ಹಲಸಿನ ಬಳಗ. ಹಾಗೇ ಬಿಟ್ಟೆವು.

ಆದರೂ ಆ ವರ್ಷ ಕೆಟ್ಟಿತು. ನಾಲ್ಕನೇ ಕ್ಲಾಸಿನವರನ್ನು ಲೀಡರ್ ಮಾಡಿದ್ದೆ. ಲೀಡರ್ ಅಂದ ಕೂಡಲೇ ಅವರ ನಡಿಗೆಯೇ ಬದಲಾಯಿತು. ಸಣ್ಣವರ ಕೈಯಿಂದ ಬಟ್ಟಲು ತೊಳೆಸಿದರು. ಒಬ್ಬ ಹುಡುಗ ಮೊಟ್ಟೆಯ ದಿನ ಎರಡು ಪುಟ್ಟ ಮಕ್ಕಳ ಮೊಟ್ಟೆಯನ್ನು ತಾನೇ ತಿಂದುಬಿಟ್ಟ, ಐದಾರು ವಾರ. ನಮಗೆ ಗೊತ್ತೇ ಆಗಲಿಲ್ಲ. ಸ್ಟಾಫ್ ರೂಮಿನಲ್ಲಿ "ಹೇಳಿದ್ದೆವಲ್ಲ" ಎಂಬ ಮಾತು ಬಂತು. ಎಸ್.ಆರ್.ಜಿ. ಅಂದರೆ ಟೀಚರುಗಳ ಮೀಟಿಂಗಿನಲ್ಲಿ ಪುನಃ ಸಾಲು ಮಾಡೋಣ ಅಂತ ಬರೆಯುವುದರಲ್ಲಿದ್ದರು. ಒಂದೇ ಒಂದು ವರ್ಷ ಕೊಡಿ ಅಂತ ಕೇಳಿಕೊಂಡೆ.

ಸರಿ ಮಾಡಿದ್ದು ಒಂದೇ ನಿಯಮ. ಬಡಿಸಿದವರು ಕೊನೆಗೆ ಉಣ್ಣಬೇಕು. ಇದು ನಾನು ಕಂಡುಹಿಡಿದದ್ದಲ್ಲ. ಮದುವೆಮನೆಯಲ್ಲಿ, ದೇವಸ್ಥಾನದ ಸಂತರ್ಪಣೆಯಲ್ಲಿ, ನಮ್ಮ ಇಗರ್ಜಿಯ ವಾರ್ಷಿಕ ಹಬ್ಬ ಸಾಂತ್‌ಮಾರಿಯಲ್ಲಿ ಬಡಿಸುವವರು ಕೊನೆಯ ಪಂಕ್ತಿಗೇ ಕೂರುವುದು ಅಲ್ವಾ? ಲೀಡರ್ ಎಂಬ ಶಬ್ದ ತೆಗೆದೆ. ಬಳಗಕ್ಕೆ ಇಬ್ಬರು ದೊಡ್ಡ ಮಕ್ಕಳು, ಒಂದೊಂದು ವಾರ ಒಬ್ಬರು ಬಡಿಸುವುದು. ತಮ್ಮ ಬಳಗದ ಕೊನೆಯ ಸಣ್ಣ ಮಗು ಕೈ ತೊಳೆಯುವವರೆಗೆ ಅವರು ತಮ್ಮ ಬಟ್ಟಲಿಗೆ ಅನ್ನ ಹಾಕುವಂತಿಲ್ಲ. ಅಷ್ಟೇ. ಪುಟ್ಟವರು ಉಣ್ಣದಿದ್ದರೆ ದೊಡ್ಡವರಿಗೆ ಹಸಿವು. ಹಾಗಾಗಿ ಅವರೇ ಅನ್ನ ಕಲಸಿಕೊಟ್ಟು, ಸೌತೆಯ ಹೋಳು ಸಣ್ಣ ಮಾಡಿ, ಕತೆ ಹೇಳಿ ಉಣ್ಣಿಸತೊಡಗಿದರು. ಮೊಟ್ಟೆ ತಿಂದ ಆ ಹುಡುಗ ಅಷ್ಟರಲ್ಲಿ ಐದಕ್ಕೆ ಹೋಗಿದ್ದ. ಅವನ ತಮ್ಮ ನಮ್ಮಲ್ಲೇ ಇದ್ದಾನೆ, ತುಂಬಾ ಚೆನ್ನಾಗಿ ಬಡಿಸುತ್ತಾನೆ.

ಯಾರನ್ನು ಯಾರ ಜೊತೆ ಹಾಕುವುದು ಎಂಬುದು ಮಾತ್ರ ಜೂನ್ ಮೊದಲ ವಾರ ನಾನೊಬ್ಬಳೇ ಕೂತು ಮಾಡುವ ಕೆಲಸ. ಅದಕ್ಕೆ ಒಂದು ಲೆಕ್ಕ ಇದೆ, ನನ್ನ ನೀಲಿ ನೋಟ್‌ಬುಕ್ಕಿನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಬಹುದು: ಒಂದೇ ಜೀಪಿನಲ್ಲಿ ಬರುವವರನ್ನು ಒಂದೇ ಬಳಗಕ್ಕೆ ಹಾಕಬೇಡಿ.

ಒಟ್ಟಿಗೆ ಕೂತು ಉಣ್ಣುವಾಗ ಮೊಟ್ಟೆಯ ಬಗ್ಗೆ, ಅದನ್ನು ತಿನ್ನದ ಕೆಲವು ಮನೆಯವರಿಗೆ ಹೆದರಿಕೆ ಇತ್ತು, ಸಹಜವೇ. ಒಬ್ಬರು ತಾಯಿ ಬಂದು ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದರು. ಮೊಟ್ಟೆಯನ್ನು ಊಟ ಮುಗಿದ ಮೇಲೆ ಬೇರೆ ತಟ್ಟೆಯಲ್ಲಿ ಬೇರೆ ಜಾಗದಲ್ಲಿ ಕೊಡುತ್ತೇವೆ, ತಿನ್ನದವರಿಗೆ ಆ ಹೊತ್ತಿಗೇ ಬಾಳೆಹಣ್ಣು ಅಂದೆ. ಹಾಗೆಯೇ ನಡೆಸಿಕೊಂಡು ಬಂದಿದ್ದೇವೆ. ಈಗ ಅವರೇ ತಿಂಗಳಿಗೊಮ್ಮೆ ತೋಟದ ಸೊಪ್ಪು ಕಳಿಸುತ್ತಾರೆ.

ಕೂರಲು ಪ್ಲಾಸ್ಟಿಕ್ ಚಾಪೆ ತಂದದ್ದು 1,900ಕ್ಕೆ. ಒಂದು ಮಳೆಗಾಲಕ್ಕೆ ಚಿಂದಿಯಾಯಿತು. ಅಡಿಕೆ ಹಾಳೆಯಲ್ಲಿ ನಾವೇ ಕೂರುವ ಹಾಳೆ ಮಾಡಿ ನೋಡಿದೆವು, ಜುಲೈಯಲ್ಲಿ ಬೂಸಲು ಹಿಡಿಯಿತು. ಈಗ ಹಳೆ ಗೋಣಿಯನ್ನು ನಾಲ್ಕು ಮಡಿಕೆ ಹೊಲಿದು ಇಟ್ಟಿದ್ದೇವೆ, ಖರ್ಚು ನೂಲಿನದ್ದು ಮಾತ್ರ.

ಈಗ ಚೆನ್ನೆಮಣೆಗೆ ಬರುತ್ತೇನೆ, ಗುಳಿಗಳಿಗೆ ಬೀಜ ಹಾಕುತ್ತಾ ಇಬ್ಬರು ಆಡುವ ಹಲಗೆಯ ಆಟ. ಶುಕ್ರವಾರ ಜುಮಾ ನಮಾಜು ಇರುವುದರಿಂದ ಮಧ್ಯಾಹ್ನದ ಬಿಡುವು ಉದ್ದ. ಮಳೆ ಇದ್ದರೆ ಹೊರಗೆ ಬಿಡುವಂತಿಲ್ಲ. ಬಳಗಕ್ಕೊಂದು ಚೆನ್ನೆಮಣೆ ಕೊಟ್ಟರೆ ಹೇಗೆ ಅಂತ ಯೋಚಿಸಿದೆ. ಹಲಸಿನ ಮರದ್ದಕ್ಕೆ ಆಚಾರಿ 1,200 ಹೇಳಿದರು, ಎಂಟಕ್ಕೆ ಎಲ್ಲಿಂದ ತರುವುದು? ಮೊಟ್ಟೆ ಟ್ರೇ ಕತ್ತರಿಸಿದೆವು. ಟ್ರೇಯ ಉದ್ದಕ್ಕೆ ಆರೇ ಗುಳಿ, ನಮಗೆ ಏಳು ಬೇಕು. ಎರಡು ತುಂಡು ಸೇರಿಸಿ ಹೊಲಿದೆವು. ಮಳೆಯ ತಂಪಿಗೆ ಅದು ಮೆತ್ತಗಾಗಿ ಹೋಯಿತು. ಕೊನೆಗೆ ಮುರಿದ ಡೆಸ್ಕಿನ ಹಲಗೆಗೆ ಒಬ್ಬ ಮಗುವಿನ ಅಪ್ಪ 14 ಗುಳಿ ಕೊರೆದುಕೊಟ್ಟರು, ಒಂದಕ್ಕೆ 350ರಂತೆ.

ಕಾಯಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಮಣೆಗೆ 56, ಎಂಟು ಮಣೆಗೆ ಹತ್ತಿರ ಹತ್ತಿರ 450. ಇಗರ್ಜಿಯ ಕಾಂಪೌಂಡಿನ ಮರದಡಿ ಮಂಜೊಟ್ಟಿ ಎಂಬ ಸಣ್ಣ ಕೆಂಪು ಬೀಜ ಬೇಕಾದಷ್ಟು ಬೀಳುತ್ತದೆ, ಅದನ್ನೇ ಹೆಕ್ಕಿದೆವು. ಎರಡನೇ ವಾರ ಒಂದನೇ ಕ್ಲಾಸಿನ ಮಗು ಒಂದನ್ನು ಮೂಗಿಗೆ ಹಾಕಿಕೊಂಡಿತು. ಜೀಪು ಮಾಡಿ ಡಾಕ್ಟರ ಹತ್ತಿರ ಓಡಿದೆವು. ತೆಗೆದರು, ಏನೂ ಆಗಲಿಲ್ಲ, ಆದರೆ ನನ್ನ ಕೈಕಾಲು ಸಂಜೆಯವರೆಗೂ ನಡುಗುತ್ತಿತ್ತು. ಅವತ್ತೇ ಬದಲಾಯಿಸಿ ಅಂಟುವಾಳದ ದೊಡ್ಡ ಬೀಜ ಹಾಕಿದೆ. ಸಣ್ಣವರಿಗೆ ದೊಡ್ಡವರು ಎಣಿಸಿ ಕೊಡಬೇಕು, ಎಣಿಸಿ ತೆಗೆದಿಡಬೇಕು. ಗುಲಗಂಜಿಯನ್ನಂತೂ ಮುಟ್ಟಲೇಬೇಡಿ. ಮಂಜೊಟ್ಟಿ ಪೂರ್ತಿ ಕೆಂಪು, ಗುಲಗಂಜಿಗೆ ಕಪ್ಪು ಬೊಟ್ಟು ಇರುತ್ತದೆ, ಅದು ವಿಷ.

ಅಜ್ಜಿಯಂದಿರು ಆಕ್ಷೇಪ ಮಾಡಿದರು. ಚೆನ್ನೆ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಾತ್ರ ಆಡುವುದು, ಅಕ್ಕ ತಂಗಿ ಎದುರು ಕೂರಬಾರದು ಅಂತ. ನಾನು ಎದುರು ಹೇಳಲಿಲ್ಲ. ಆಟಿ ಮುಗಿದ ಮೇಲೆ ಮಣೆ ಒಳಗೆ ಇಡುತ್ತೇವೆ, ಒಡಹುಟ್ಟಿದವರನ್ನು ಎದುರು ಕೂರಿಸುವುದಿಲ್ಲ. ಆ ಒಂದು ತಿಂಗಳು ಸಾಕು. ಜೂನಿನಲ್ಲಿ ಬಂದ ಹೊಸ ಮಗು ಬಾಯಿ ಬಿಡುವ ಕಾಲವೂ ಅದೇ.

2024ರಲ್ಲಿ ಒಬ್ಬ ಹುಡುಗ ಒಂದನೇ ಕ್ಲಾಸಿಗೆ ಬಂದ. ಜೂನ್ ಪೂರ್ತಿ ಒಂದು ಶಬ್ದ ಇಲ್ಲ. ಹಾಜರಿಗೂ ತಲೆ ಎತ್ತುತ್ತಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಕಡೆಯ ಮನೆ. ಅಣ್ಣನ ಕಾಯಿಲೆ ಅದರಿಂದಲೇ ಎನ್ನಲು ನಾನು ಡಾಕ್ಟರಲ್ಲ. ತಾಯಿಯ ಎರಡು ಕೈಯೂ ದೊಡ್ಡವನಿಗೇ ಬೇಕು, ಸಣ್ಣವನು ತನ್ನಷ್ಟಕ್ಕೆ ಬೆಳೆದಿದ್ದ. ಬಾವಿಕಟ್ಟೆ ಬಳಗದ ಹುಡುಗಿಯೊಬ್ಬಳು ಅವನ ಎದುರು ಚೆನ್ನೆಮಣೆ ಇಟ್ಟು ಕೂತಳು. ಎರಡು ಶುಕ್ರವಾರ ಅವಳೇ ಆಡಿ, ಅವಳೇ ಅವನ ಕೈ ಹಿಡಿದು ಬೀಜ ಹಾಕಿಸಿದಳು. ಮೂರನೇ ಶುಕ್ರವಾರ ಅವಳು ಒಂದು ಗುಳಿಗೆ ಒಂದು ಬೀಜ ಹೆಚ್ಚು ಹಾಕಿ "ನಾಲ್" ಅಂದಳು. ಹುಡುಗ ಬೆರಳು ಅಡ್ಡ ಹಿಡಿದ. "ನಾಲ್ ಅತ್ತ್, ಐನ್." ನಾಲ್ಕಲ್ಲ, ಐದು. ನಾನು ಎರಡು ಮಾರು ದೂರದಲ್ಲಿ ಅಂಗಳದ ಕಡೆ ತಿರುಗಿ ಕೂತಿದ್ದೆ. ತಿರುಗಿ ನೋಡಲಿಲ್ಲ. ಆ ಹುಡುಗಿಯೂ ಏನೂ ಆಗದವಳ ಹಾಗೆ ಒಂದು ಬೀಜ ತೆಗೆದು "ಸರಿ" ಅಂದು ಆಟ ಮುಂದುವರಿಸಿದಳು. ಬೇಕೆಂದೇ ತಪ್ಪು ಎಣಿಸಲು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಈ ನಡುವೆ ಹೊಟ್ಟೆನೋವಿನ ಇನ್ನೊಂದು ಕಾರಣ ಸಿಕ್ಕಿತು. ಸುಮ್ನೆ ಒಂದು ವಾರ ಬೆಳಿಗ್ಗೆ ಏನು ತಿಂದಿರಿ ಅಂತ ಕೇಳಿ ಬರೆದೆ. ಇಪ್ಪತ್ತು ಇಪ್ಪತ್ತೆರಡು ಮಕ್ಕಳು ಬರೀ ಚಾ ಕುಡಿದು ಬಂದವರು. ಬೆಳಿಗ್ಗೆ ಮದ್ರಸಕ್ಕೆ ಹೋಗಿ ಅಲ್ಲಿಂದ ನೇರ ಬರುವವರು, ಬೇಗ ಜೀಪು ಹತ್ತುವವರು. ಹತ್ತು ಗಂಟೆಗೆ ಒಂದು ಹಿಡಿ ಅವಲಕ್ಕಿ ಬೆಲ್ಲ ಶುರು ಮಾಡಿದೆ. ದಿನಕ್ಕೆ 130 ರೂಪಾಯಿ ಆಸುಪಾಸು. ಎರಡು ತಿಂಗಳು ನನ್ನ ಸಂಬಳದಿಂದ ಹಾಕಿದೆ, ಆಮೇಲೆ ಇಗರ್ಜಿಯ ವಾಳೆಯ (ವಾರ್ಡಿನ) ಗುರ್ಕಾರರು, ಅಂದರೆ ಮುಖಂಡರು, ವಹಿಸಿಕೊಂಡರು. ಕೇಳಿದವರಿಗೆಲ್ಲ ಕೊಡುತ್ತೇವೆ, ಪಟ್ಟಿ ಮಾಡುವುದಿಲ್ಲ. ಪಟ್ಟಿ ಮಾಡಿದರೆ ಬಡವರೆಂಬ ಹೆಸರು ಬೀಳುತ್ತದೆ.

ಆಗಸ್ಟ್ 30ಕ್ಕೆ ಮೊಂತಿ ಫೆಸ್ತಿನ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬದ, ಒಂಬತ್ತು ದಿನದ ನೊವೇನ ಪ್ರಾರ್ಥನೆ ಶುರುವಾದರೆ ಒಂದೊಂದು ಬಳಗ ಒಂದೊಂದು ದಿನ ಹೂವು ತರುತ್ತದೆ. ಮನಸ್ಸಿದ್ದವರು ಮಾತ್ರ. ಹೋದ ಸಲ ದಾಸವಾಳ, ರಥಪುಷ್ಪ, ಗೌರಿಹೂವು ಬುಟ್ಟಿಗಟ್ಟಲೆ ಬಂತು. ಮೆಟ್ಟಿಲು ಬಳಗದ ಒಬ್ಬ ಮಗುವಿನ ಉಮ್ಮ (ತಾಯಿ) ಹಿತ್ತಲಿನ ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಕಟ್ಟಿ ಕಳಿಸಿದ್ದರು. ಹೊಸ ತೆನೆಯ ಅಕ್ಕಿ ಹಾಕಿದ ಪಾಯಸವನ್ನು ಬಳಗದಲ್ಲೇ ಉಂಡೆವು. ಅವತ್ತು ಬಡಿಸಿದ್ದು ಫಾದರ್. ಅವರೂ ಕೊನೆಗೇ ಉಂಡರು.

ಈಗ ಬೆಂಚಿನಲ್ಲಿ ದಿನಕ್ಕೆ ಒಬ್ಬರೋ ಇಬ್ಬರೋ, ಕೆಲವು ದಿನ ಯಾರೂ ಇಲ್ಲ. ಅವರಿಗೆ ನಿಜವಾಗಿಯೇ ಜ್ವರ ಇರುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನ ಸರಕಾರದ ಲೆಕ್ಕಕ್ಕೆ ಮಾಡುವ ತಲೆ ಎಣಿಕೆಗೆ ಮೊದಲು ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೋ ಎಂಬ ಭಯ ಪ್ರತಿ ಜೂನಿನಲ್ಲೂ ಇತ್ತಲ್ಲ, ಈ ಸಲ ಎಣಿಸುವಾಗ 81 ಇತ್ತು. ಮೂರು ವರ್ಷದಲ್ಲಿ ಖರ್ಚು ಎಲ್ಲ ಸೇರಿ 13,000ದ ಹತ್ತಿರ, ಅವಲಕ್ಕಿ ಬಿಟ್ಟು. ಅದರಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆ, ಪಟ್ಟಿ, ಚಾಪೆ, ಕಾರ್ಯಕ್ರಮ ಅಂತ ನೀರಿಗೆ ಹಾಕಿದ ಹಾಗಾಯಿತು. ನೀವು ಅದನ್ನು ಉಳಿಸಬಹುದು.

ಶುಕ್ರವಾರ ಬಡಿಸುವ ಮಕ್ಕಳನ್ನು ಹತ್ತು ನಿಮಿಷ ಕೂರಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಯಾವ ಮನೆಯಲ್ಲಿ ಏನು ಕಷ್ಟ ಎಂಬುದು ಅದರಿಂದಲೇ ನನಗೆ ತಿಳಿಯುವುದು. ಆ ಪ್ರಶ್ನೆ ನಮ್ಮ ಶಾಲೆಗೆ ಬಂದು ಕೂತವರಿಗೆ ಹೇಳುತ್ತೇನೆ, ಬರೆದರೆ ಅದು ಇನ್ನೊಂದು ಪೆಟ್ಟಿಗೆಯಾಗುತ್ತದೆ.

ಮಕ್ಕಳು ಜಾಸ್ತಿಯಾದ್ದರಿಂದ ಬರುವ ಜೂನಿಗೆ ಒಂಬತ್ತನೇ ಬಳಗ ಬೇಕು. ಮಣೆಗೆ ಹಲಗೆ ಉಳಿದಿಲ್ಲ. ಮೊನ್ನೆಯ ಗಾಳಿಗೆ ಇಗರ್ಜಿಯ ಹಿಂದೆ ಹಲಸಿನ ಒಂದು ಗೆಲ್ಲು ಬಿದ್ದಿದೆ. ಫಾದರ ಹತ್ತಿರ ಕೇಳಿದ್ದೇನೆ, ಒಣಗಲಿ ಅಂದಿದ್ದಾರೆ.