ಹೈಟೆಕ್ ಕ್ಲಾಸಿನಿಂದ ಪಿಎಚ್.ಡಿ.ಗೆ: ಕಾಸರಗೋಡಿನ ಟೀಚರ್‌ಗಳಿಗೊಂದು ದಾರಿ

ಮಂಜೇಶ್ವರದಿಂದ ಮುಳ್ಳೇರಿಯವರೆಗೆ ಹೆಚ್ಚುಕಡಿಮೆ ಯಾವ ಸರ್ಕಾರಿ ಹೈಸ್ಕೂಲಿಗೆ ಹೋದರೂ ಗೋಡೆಗೊಂದು ಪರದೆ, ಮೇಜಿಗೊಂದು ಲ್ಯಾಪ್‌ಟಾಪ್ ಇದೆ. 2018ರಲ್ಲಿ ಶುರುವಾದ ಹೈಟೆಕ್ ಶಾಲೆ ಯೋಜನೆಯಲ್ಲಿ ಕೇರಳ ಸರ್ಕಾರ 8ರಿಂದ 12ನೇ ತರಗತಿವರೆಗಿನ 45,000 ಕ್ಲಾಸ್‌ರೂಮುಗಳನ್ನು ಸೇರಿಸಿಕೊಂಡಿತ್ತು. ಕೋವಿಡ್ ಬಂದಾಗ, 2020ರ ಜೂನ್ 1ರಿಂದ ಕೇರಳ ಸರ್ಕಾರದ ಶೈಕ್ಷಣಿಕ ಟಿ.ವಿ. ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಪಾಠಗಳು ಶುರುವಾದವು. ಕನ್ನಡ ಮಾಧ್ಯಮದವರಿಗೂ ಪಾಠ ಬಂತು. ಯಂತ್ರ ಬಂತು, ವಿಡಿಯೊ ಬಂತು, ಸರಿ. ಇದರಲ್ಲಿ ಮಕ್ಕಳ ತಲೆಗೆ ಹತ್ತಿದ್ದೆಷ್ಟು? ಯಾರಿಗೆ ಹತ್ತಿತು, ಯಾರಿಗೆ ಹತ್ತಲಿಲ್ಲ, ಯಾಕೆ?

ಈ ಪ್ರಶ್ನೆ ಕಾಡುವ ಟೀಚರ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದನ್ನೇ ಹಿಡಿದು ಶೈಕ್ಷಣಿಕ ತಂತ್ರಜ್ಞಾನದಲ್ಲಿ ಪಿಎಚ್.ಡಿ. ಮಾಡಬಹುದು. ಶೈಕ್ಷಣಿಕ ತಂತ್ರಜ್ಞಾನ ಅಂದರೆ ಆ್ಯಪ್ ಮಾಡುವ ವಿದ್ಯೆ ಅಂತ ಹಲವರು ಹೆದರುತ್ತಾರೆ. ಹಾಗಲ್ಲ. ಇಲ್ಲಿ ಅಧ್ಯಯನ ಮಾಡಬೇಕಾದ್ದು ಕಲಿಕೆಯನ್ನು. ಯಂತ್ರ ಅದರ ಪಕ್ಕದಲ್ಲಿರುತ್ತದೆ, ಅಷ್ಟೇ.

ಮೊದಲು ಪ್ರಶ್ನೆ, ಆಮೇಲೆ ಅರ್ಜಿ

ಸಾಮಾನ್ಯವಾಗಿ ಉಲ್ಟಾ ನಡೆಯುತ್ತದೆ. ಮೊದಲು ಸೀಟು, ಆಮೇಲೆ ಗೈಡ್, ಕೊನೆಗೆ ಯಾರೋ ಕೊಟ್ಟ ವಿಷಯ. ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಪುಕ್ಕಟೆ ಓದಲು ಸಿಗುತ್ತವೆ. ಅಲ್ಲಿ ಸುಮ್ನೆ ಒಂದು ಸಂಜೆ ಹುಡುಕಿ ನೋಡಿ. ‘ವಿದ್ಯಾರ್ಥಿಗಳ ಸಾಧನೆಯ ಮೇಲೆ ಇಂಥದ್ದರ ಪರಿಣಾಮ’ ಎಂಬ ಅಚ್ಚಿನ ಶೀರ್ಷಿಕೆಗಳು ಸಾಲಾಗಿ ಬರುತ್ತವೆ. ಇಂಥದ್ದರ ಜಾಗದಲ್ಲಿ ಒಮ್ಮೆ ಟಿ.ವಿ., ಒಮ್ಮೆ ಸಿ.ಡಿ., ಈಗ ಸ್ಮಾರ್ಟ್‌ಬೋರ್ಡ್. ಸಾಧನ ಬದಲಾಯಿತು, ಪ್ರಶ್ನೆ ಅಲ್ಲೇ ನಿಂತಿದೆ.

ಈ ಅಚ್ಚಿನ ಬಗ್ಗೆ ಜಗಳ ಹಳೆಯದು. 1983ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ ಒಂದು ಮಾತು ಹೇಳಿದರು: ದಿನಸಿ ತರುವ ಲಾರಿಯಿಂದ ಊಟದ ಸತ್ವ ಬದಲಾಗುವುದಿಲ್ಲ, ಹಾಗೆಯೇ ಮಾಧ್ಯಮದಿಂದ ಕಲಿಕೆ ಬದಲಾಗುವುದಿಲ್ಲ, ಬದಲಾಯಿಸುವುದು ಕಲಿಸುವ ವಿಧಾನ. ಎಲ್ಲರೂ ಒಪ್ಪಲಿಲ್ಲ. ಆ ವಾದ ಇನ್ನೂ ಮುಗಿದಿಲ್ಲ. ಆದರೆ ಅದನ್ನು ಓದದೆ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆಯಬೇಡಿ.

ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟರೆ ವಿಷಯ ಇನ್ನೂ ಚೆನ್ನಾಗಿ ಕಾಣುತ್ತದೆ. ಪೆರು ದೇಶದಲ್ಲಿ ಹಳ್ಳಿಯ ಮಕ್ಕಳಿಗೆ ತಲೆಗೊಂದರಂತೆ ಲ್ಯಾಪ್‌ಟಾಪ್ ಹಂಚಿದರು. 319 ಶಾಲೆಗಳನ್ನು ಸುಮಾರು 15 ತಿಂಗಳ ನಂತರ ಅಳೆದಾಗ ಗಣಿತದಲ್ಲೂ ಭಾಷೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೆಹಲಿಯಲ್ಲಿ 619 ಮಕ್ಕಳ ನಡುವೆ ಲಾಟರಿ ಎತ್ತಿ, ಕೆಲವರಿಗೆ ಶಾಲೆ ಬಿಟ್ಟ ಮೇಲೆ ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಲಿಯಲು ಅವಕಾಶ ಕೊಟ್ಟರು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಸ್ಪಷ್ಟ ಏರಿಕೆ ಕಂಡಿತು. ಈ ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ವ್ಯತ್ಯಾಸ ಎಲ್ಲಿದೆ? ದೆಹಲಿಯ ಸಾಫ್ಟ್‌ವೇರ್ ಏಳನೇ ಕ್ಲಾಸಿನ ಮಗುವಿಗೆ ನಾಲ್ಕನೇ ಕ್ಲಾಸಿನ ಲೆಕ್ಕ ಬಾರದಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿತ್ತು. ಜೊತೆಗೆ ಸಣ್ಣ ಗುಂಪಿಗೆ ಪಾಠ ಮಾಡುವವರೂ ಅಲ್ಲಿದ್ದರು. ಹಾಗಾದರೆ ಲಾಭ ಸಾಫ್ಟ್‌ವೇರಿನದ್ದೋ, ಪಾಠ ಮಾಡಿದವರದ್ದೋ, ಎರಡೂ ಸೇರಿದ್ದೋ? ಹೀಗೆ ಕೇಳಲು ಬಂದರೆ ನೀವು ಅರ್ಧ ಸಂಶೋಧಕರಾದಿರಿ ಅಂತಲೇ ಲೆಕ್ಕ.

ಈಗ ನಮ್ಮೂರಿಗೆ ಬನ್ನಿ. ಮನೆಯಲ್ಲಿ ತುಳು ಅಥವಾ ಹವ್ಯಕ, ಬ್ಯಾರಿ ಅಥವಾ ಕೊಂಕಣಿ. ಶಾಲೆಯಲ್ಲಿ ಕನ್ನಡ. ಪರದೆಯ ಮೇಲೆ ವಿಜ್ಞಾನದ ವಿಡಿಯೊ ಮಲಯಾಳದಲ್ಲಿ. ಟೀಚರ್ ಸದ್ದು ನಿಲ್ಲಿಸಿ ತಾವೇ ಕನ್ನಡದಲ್ಲಿ ವಿವರಿಸಿದರೆ ಪಾಠ ಹೆಚ್ಚು ನಿಲ್ಲುತ್ತದೆಯೋ? ಕೆಳಗೆ ಕನ್ನಡ ಅಕ್ಷರ ಹಾಕಿ ಹಾಗೇ ಓಡಿಸಿದರೆ ನಿಲ್ಲುತ್ತದೆಯೋ? ಕಿವಿಗೆ ಬೀಳುವ ಮಾತನ್ನೇ ಪರದೆಯ ಮೇಲೂ ಬರೆದರೆ ಗಮನ ಒಡೆಯುತ್ತದೆ, ಕಲಿಕೆ ಕುಗ್ಗಬಹುದು ಎನ್ನುತ್ತದೆ ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಸಂಶೋಧನೆ. ಆದರೆ ಮನೆಮಾತಲ್ಲದ ಭಾಷೆಯಲ್ಲಿ ಕಲಿಯುವವರಿಗೆ ಅದೇ ಅಕ್ಷರ ಆಸರೆ ಆಗಬಹುದು ಎನ್ನುವ ಅಧ್ಯಯನಗಳೂ ಇವೆ. ಎರಡು ಮೂರು ಭಾಷೆಯ ನಡುವೆ ಓಡಾಡುವ ನಮ್ಮ ಮಗು ಯಾವ ಸಾಲಿಗೆ ಸೇರುತ್ತದೆ? ಬೆಂಗಳೂರಿನಲ್ಲೋ ಬಾಸ್ಟನ್‌ನಲ್ಲೋ ಕುಳಿತವರಿಗೆ ಈ ಪ್ರಶ್ನೆ ಸುಲಭಕ್ಕೆ ಹೊಳೆಯಲಿಕ್ಕಿಲ್ಲ. ಬದಿಯಡ್ಕದ ಟೀಚರ್‌ಗೆ ಅದು ದಿನಾ ಎದುರಿಗೇ ಇದೆ, ಅಲ್ವಾ?

ಇಂಥ ಒಂದು ಪ್ರಶ್ನೆಯನ್ನು ಎರಡು ಪುಟದಲ್ಲಿ ಬರೆದಿಡಿ. ಆಮೇಲೆ ಅರ್ಜಿಯ ಮಾತು.

ಅರ್ಹತೆ ಮತ್ತು ಪರೀಕ್ಷೆ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ 55% ಅಂಕ ಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರು ಮುಂತಾದವರಿಗೆ 5% ರಿಯಾಯಿತಿ ಇದೆ. ನಾಲ್ಕು ವರ್ಷದ ಡಿಗ್ರಿ ಮಾಡಿ 75% ಪಡೆದವರೂ ನೇರವಾಗಿ ಅರ್ಜಿ ಹಾಕಬಹುದು. ಎಂ.ಫಿಲ್. ಈಗಿಲ್ಲ. ಶಿಕ್ಷಣ ವಿಭಾಗಗಳು ಸಾಮಾನ್ಯವಾಗಿ ಎಂ.ಇಡಿ. ಅಥವಾ ಶಿಕ್ಷಣದಲ್ಲಿ ಎಂ.ಎ. ಕೇಳುತ್ತವೆ.

2024ರ ಜೂನ್‌ನಿಂದ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ (ನೆಟ್) ಅಂಕದಲ್ಲೇ ಪಿಎಚ್.ಡಿ. ಪ್ರವೇಶ ಪಡೆಯಬಹುದು. ಆ ಪರೀಕ್ಷೆಯಲ್ಲಿ ಮುಂದಿರುವವರಿಗೆ ಕೊಡುವ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಗದಿದ್ದರೂ ಆದೀತು. ಆಗ ನೆಟ್‌ಗೆ 70%, ಸಂದರ್ಶನಕ್ಕೆ 30% ತೂಕ. ಆ ಅಂಕ ಒಂದೇ ವರ್ಷ ನಡೆಯುತ್ತದೆ, ನೆನಪಿರಲಿ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಸುತ್ತಿನಲ್ಲಿ, ಒಟ್ಟು 150 ಪ್ರಶ್ನೆ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬೇಡಿ. ಶಿಕ್ಷಣ ವಿಷಯದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲೇ ಓದಿ ಬಂದವರು ಇಂಗ್ಲಿಷ್ ಪಾರಿಭಾಷಿಕ ಪದಗಳಿಗೆ ಒಂದು ನೋಟ್‌ಬುಕ್ ಇಡುವುದು ಒಳ್ಳೆಯದು. ಐಐಟಿಯಂಥ ಸಂಸ್ಥೆಗಳಿಗೆ ಅವರದ್ದೇ ಆಯ್ಕೆ ಕ್ರಮ ಇದೆ.

ಎಲ್ಲಿ, ಯಾರ ಕೈಕೆಳಗೆ

ಮನೆಗೆ ಹತ್ತಿರದ್ದು ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿ ಶಿಕ್ಷಣ ವಿಭಾಗ ಇದೆ. ಕಾಸರಗೋಡು ಜಿಲ್ಲೆ ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ, ಅದರ ಅಧಿಸೂಚನೆಯ ಮೇಲೂ ಕಣ್ಣಿಡಿ. ಮೈಸೂರಿನಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಊರು ಬಿಡಲು ಸಿದ್ಧರಿದ್ದರೆ ಮುಂಬೈ: ಐಐಟಿ ಬಾಂಬೆಯಲ್ಲಿ ಶೈಕ್ಷಣಿಕ ತಂತ್ರಜ್ಞಾನಕ್ಕೇ ಪಿಎಚ್.ಡಿ. ಇದೆ, ಹೋಮಿ ಭಾಭಾ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಣದ ಪಿಎಚ್.ಡಿ. ಇದೆ. ಎಂಜಿನಿಯರಿಂಗ್, ಎಂ.ಎಸ್ಸಿ. ಹಿನ್ನೆಲೆಯವರು ಈ ಎರಡನ್ನು ಮೊದಲು ನೋಡಬೇಕು.

ನನ್ನನ್ನು ಕೇಳಿದರೆ, ಸಂಸ್ಥೆಗಿಂತ ಗೈಡ್ ಮುಖ್ಯ. ಅವರ ಕೊನೆಯ ನಾಲ್ಕೈದು ಲೇಖನ ಓದಿ. ಅವರ ವಿದ್ಯಾರ್ಥಿಗಳ ಥೀಸಿಸ್ ತೆರೆದು ನೋಡಿ. ಈಗ ಮಾಡುತ್ತಿರುವವರನ್ನು ಕಂಡು ಮಾತಾಡಿ: ಕಳಿಸಿದ ಅಧ್ಯಾಯ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಅಂತ ಕೇಳಿ. ಪ್ರೊಫೆಸರ್ ಒಮ್ಮೆಗೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ಸೇರಿಸುವಂತಿಲ್ಲ. ಇಮೇಲ್ ಬರೆಯುವಾಗ ‘ಯಾವ ವಿಷಯವಾದರೂ ಆದೀತು ಸಾರ್’ ಅನ್ನಬೇಡಿ. ಆ ಎರಡು ಪುಟ ಲಗತ್ತಿಸಿ.

ದುಡ್ಡು ಮತ್ತು ಕಾಲ

ಜೆಆರ್‌ಎಫ್ ಆದರೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. ಜೊತೆಗೆ ಮನೆ ಬಾಡಿಗೆ ಭತ್ಯೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಇಲ್ಲದ ಪೂರ್ಣಾವಧಿಯವರಿಗೆ ₹8,000 ಫೆಲೋಶಿಪ್. ಮನೆ ನಡೆಸುವವರಿಗೆ ಅದು ಸಾಕಾಗದು. ನೌಕರಿಯಲ್ಲಿರುವ ಟೀಚರ್‌ಗಳು ಅರೆಕಾಲಿಕವಾಗಿ ಸೇರಬಹುದು, ಮೇಲಧಿಕಾರಿಯ ಎನ್‌ಒಸಿ ಬೇಕು. ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಪಿಎಚ್.ಡಿ. ಅಂತ ಯಾರಾದರೂ ಕರೆದರೆ ಹೋಗಬೇಡಿ, ಅದಕ್ಕೆ ಮಾನ್ಯತೆ ಇಲ್ಲ.

ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಂಗಸರಿಗೆ ಮತ್ತು 40%ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು. ಹೆಂಗಸರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಮಕ್ಕಳ ಪಾಲನೆಯ ರಜೆಯೂ ಇದೆ.

ಶಾಲೆಯೊಳಗೆ

ಮೊದಲು ಕೋರ್ಸ್ ವರ್ಕ್, ಅಂದರೆ ಸಂಶೋಧನೆಗೆ ತಯಾರಿಯ ಪಾಠಗಳು, ಕನಿಷ್ಠ 12 ಕ್ರೆಡಿಟ್. ಅಲ್ಲಿ ಸಂಖ್ಯಾಶಾಸ್ತ್ರಕ್ಕೆ ಹೆದರಿ ಓಡಬೇಡಿ. ಜಮೋವಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಾಕಷ್ಟು ಕೆಲಸ ಮಾಡುತ್ತದೆ. ಓದಿದ ಲೇಖನಗಳ ಲೆಕ್ಕ ಇಡಲು ಜೊಟೆರೊ ಇದೆ, ಅದೂ ಪುಕ್ಕಟೆ. ಮೊದಲ ದಿನದಿಂದಲೇ ಹಾಕಿಕೊಳ್ಳಿ.

ಆಮೇಲೆ ಒಪ್ಪಿಗೆಗಳ ಸಾಲು: ವಿಶ್ವವಿದ್ಯಾಲಯದ ನೈತಿಕ ಸಮಿತಿ, ಶಿಕ್ಷಣ ಇಲಾಖೆ, ಹೆಡ್‌ಮಾಸ್ಟರ್, ಹೆತ್ತವರು, ಕೊನೆಗೆ ಮಗು. ಹೆತ್ತವರಿಗೆ ಕೊಡುವ ಪತ್ರ ಅವರು ಓದುವ ಭಾಷೆಯಲ್ಲಿರಲಿ. ನಿಮ್ಮದೇ ಕ್ಲಾಸಿನಲ್ಲಿ ಅಧ್ಯಯನ ಮಾಡುವುದಾದರೆ ಜಾಸ್ತಿ ಎಚ್ಚರ ಬೇಕು. ಟೀಚರ್ ಕೇಳಿದಾಗ ಒಲ್ಲೆ ಅನ್ನುವ ಮಗು ಎಲ್ಲಿದೆ? ಪಕ್ಕದ ಶಾಲೆ ಆರಿಸುವುದು ಮೇಲು. ಶಾಲೆಗಳ ಜೊತೆ ಮಾತಾಡಿಸಲು ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ನೆರವು ಕೇಳಬಹುದು.

ದೊಡ್ಡ ಪ್ರಯೋಗಕ್ಕೆ ಮುಂಚೆ ಒಂದೇ ಕ್ಲಾಸಿನಲ್ಲಿ ಸಣ್ಣದಾಗಿ ಮಾಡಿ ನೋಡಿ. ಜೂನ್, ಜುಲೈಯಲ್ಲಿ ಇಟ್ಟುಕೊಳ್ಳಬೇಡಿ. ಮಳೆ, ರಜೆ, ಕರೆಂಟು ಯಾವುದನ್ನೂ ನಂಬುವಂತಿಲ್ಲ. ಡಿಸೆಂಬರ್‌ನಲ್ಲಿ ಕಲೋತ್ಸವದ ಗಡಿಬಿಡಿ, ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ. ಓಣಂ ರಜೆ ಮುಗಿದ ಮೇಲಿನ ವಾರಗಳು ಪರವಾಗಿಲ್ಲ.

ಬರೆದು ಮುಗಿಸುವಾಗ

ಶಿಕ್ಷಣ ವಿಭಾಗದ ಥೀಸಿಸ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮಕ್ಕಳ ಕನ್ನಡ, ತುಳು ಮಾತನ್ನು ಮೂಲದಲ್ಲೇ ಬರೆದಿಟ್ಟು ಪಕ್ಕದಲ್ಲಿ ಇಂಗ್ಲಿಷ್ ಕೊಡಿ. ಪರೀಕ್ಷಕರಿಗೂ ನಂಬಿಕೆ ಬರುತ್ತದೆ. ಥೀಸಿಸ್ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ಹಾಗಾಗಿ ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳ ಬಲೆಗೆ ಬೀಳುವ ಕಾರಣವೇ ಇಲ್ಲ. ನಿಮ್ಮ ವಿಶ್ವವಿದ್ಯಾಲಯದ್ದೇ ಬೇರೆ ಷರತ್ತು ಇದೆಯೇ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಥೀಸಿಸ್ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ಅವರು ಒಪ್ಪಿದರೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಅದು ಯಾರು ಬೇಕಾದರೂ ಕುಳಿತು ಕೇಳಬಹುದಾದ ಸಭೆ. ನೀವು ಅಧ್ಯಯನ ಮಾಡಿದ ಶಾಲೆಯ ಟೀಚರ್‌ಗಳನ್ನೂ ಕರೆಯಿರಿ. ಪೂರ್ತಿ ಪ್ರತಿ ಶೋಧಗಂಗಾಕ್ಕೆ ಸೇರುತ್ತದೆ. ಎರಡು ಪುಟದ ಕನ್ನಡ ಸಾರಾಂಶ ಮಾಡಿ ಆ ಶಾಲೆಗೂ ಡಯಟ್‌ಗೂ ಒಂದೊಂದು ಕೊಟ್ಟು ಬನ್ನಿ.