ಆಂಡ್ರೋಮಿಡಾದ ಎಕ್ಸ್-ರೇ ಆಕರಗಳನ್ನು ಪ್ರಕಾಶದ ಏರಿಳಿತದಿಂದ ವಿಂಗಡಿಸುವ ಕ್ರಮ

ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೋಮಿಡಾ ಗೆಲಾಕ್ಸಿಯ ಎಕ್ಸ್-ರೇ ಚಿತ್ರದಲ್ಲಿ ಯಮಳ ನಕ್ಷತ್ರಗಳು (ಒಂದನ್ನೊಂದು ಸುತ್ತುವ ಜೋಡಿಗಳು), ಸೂಪರ್‌ನೋವಾ ಅವಶೇಷಗಳು (ಸಿಡಿದ ನಕ್ಷತ್ರಗಳ ಉಳಿಕೆಗಳು), ಅದರ ಹಿನ್ನೆಲೆಯಲ್ಲಿರುವ ಸಕ್ರಿಯ ಗೆಲಾಕ್ಸಿಗಳು (ಕೇಂದ್ರದ ಕಪ್ಪುಕುಳಿಯ ಸುತ್ತ ಉಜ್ವಲವಾಗಿ ಬೆಳಗುವಂಥವು) ಮತ್ತು ನಮ್ಮ ಕ್ಷೀರಪಥದ ನಕ್ಷತ್ರಗಳು ಬಹುಪಾಲು ಒಂದೇ ಬಗೆಯ ಚುಕ್ಕೆಗಳಾಗಿ ಕಾಣುತ್ತವೆ. 1999ರಲ್ಲಿ ಉಡಾವಣೆಗೊಂಡ ಚಂದ್ರಾ ಮತ್ತು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕಗಳು ಈ ಗೆಲಾಕ್ಸಿಯನ್ನು ಹಲವು ಬಾರಿ ವೀಕ್ಷಿಸಿರುವುದರಿಂದ, ಯಾವ ಚುಕ್ಕೆ ಕಾಲಾಂತರದಲ್ಲಿ ಹೇಗೆ ಬದಲಾಯಿತೆಂದು ನೋಡಿ ಅವುಗಳನ್ನು ಬೇರ್ಪಡಿಸಲು ಸಾಧ್ಯ.

ಮೊದಲು ಹಿನ್ನೆಲೆ ವಿಕಿರಣ ಉಕ್ಕಿದ ಅವಧಿಗಳನ್ನು ದತ್ತಾಂಶದಿಂದ ತೆಗೆದುಹಾಕಬೇಕು. ಆನಂತರ ಪ್ರತಿ ಆಕರದ, ಅಂದರೆ ಎಕ್ಸ್-ರೇ ಸೂಸುವ ಕಾಯದ, ಸ್ಥಾನದಲ್ಲಿ ಎಲ್ಲ ವೀಕ್ಷಣೆಗಳ ಪ್ರಕಾಶವನ್ನೂ ಅಳೆಯಬೇಕು. ಆಕರ ಕಾಣದ ವೀಕ್ಷಣೆಯನ್ನು ಬಿಟ್ಟುಬಿಡದೆ ಅಲ್ಲಿ ಗರಿಷ್ಠ ಮಿತಿಯನ್ನು (ಪ್ರಕಾಶ ಹೆಚ್ಚೆಂದರೆ ಎಷ್ಟಿದ್ದಿರಬಹುದೆಂಬ ಅಂಕಿಯನ್ನು) ದಾಖಲಿಸಬೇಕು, ಏಕೆಂದರೆ ತಾತ್ಕಾಲಿಕವಾಗಿ ಉರಿದು ಆರುವ ಆಕರಗಳು ಸಿಕ್ಕಿಬೀಳುವುದೇ ಅಲ್ಲಿ.

ಗರಿಷ್ಠ ಮತ್ತು ಕನಿಷ್ಠ ಪ್ರಕಾಶಗಳ ಅನುಪಾತವೊಂದೇ ಸಾಲದು. ಅವುಗಳ ವ್ಯತ್ಯಾಸವನ್ನು, ಎರಡೂ ಅಳತೆಗಳ ದೋಷಗಳ (ಅನಿಶ್ಚಿತತೆಗಳ) ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸಿ, ಫಲಿತಾಂಶ 3ಕ್ಕಿಂತ ಹೆಚ್ಚಿದ್ದರೆ ಮಾತ್ರ ಬದಲಾವಣೆಯನ್ನು ನಂಬಬೇಕು. ಒಂದು ಆಕರ 12ರಿಂದ 4ಕ್ಕೆ ಇಳಿದು, ದೋಷಗಳು ಕ್ರಮವಾಗಿ 1.5 ಮತ್ತು 1 ಆಗಿದ್ದರೆ ಸುಮಾರು 4.4 ಬರುತ್ತದೆ, ಇನ್ನೊಂದು 6ರಿಂದ 2ಕ್ಕೆ ಇಳಿದು, ದೋಷಗಳು 2 ಮತ್ತು 1.5 ಆಗಿದ್ದರೆ 1.6 ಮಾತ್ರ. ಅನುಪಾತ ಎರಡರಲ್ಲೂ 3 ಆದರೂ ತೀರ್ಮಾನ ಬೇರೆ.

ಸೂಪರ್‌ನೋವಾ ಅವಶೇಷಗಳು ಹಲವು ಜ್ಯೋತಿರ್ವರ್ಷಗಳಷ್ಟು ಹರಡಿಕೊಂಡಿರುವುದರಿಂದ ತಿಂಗಳುಗಳಲ್ಲಿ ಗಮನಾರ್ಹವಾಗಿ ಬದಲಾಗಲಾರವು. ಆದ್ದರಿಂದ ಖಚಿತವಾಗಿ ಬದಲಾದ ಆಕರವನ್ನು ಅವಶೇಷಗಳ ಪಟ್ಟಿಯಿಂದ ಕೈಬಿಡಬಹುದು, ಮತ್ತು ನನ್ನ ದೃಷ್ಟಿಯಲ್ಲಿ ಈ ವಿಧಾನದ ಅತ್ಯಂತ ಗಟ್ಟಿಯಾದ ಫಲ ಇದೇ. ಹೆಚ್ಚು ಶಕ್ತಿಯ ಫೋಟಾನ್‌ಗಳನ್ನೂ ಸೂಸುತ್ತ 10 ಪಟ್ಟಿಗಿಂತ ಹೆಚ್ಚು ಏರಿಳಿಯುವ ಆಕರ ಬಹುಮಟ್ಟಿಗೆ ಎಕ್ಸ್-ರೇ ಯಮಳ, ಅಂದರೆ ನ್ಯೂಟ್ರಾನ್ ನಕ್ಷತ್ರ ಅಥವಾ ಕಪ್ಪುಕುಳಿ ಜೊತೆಗಾರ ನಕ್ಷತ್ರದಿಂದ ದ್ರವ್ಯ ಸೆಳೆಯುವ ಜೋಡಿ. ಸಕ್ರಿಯ ಗೆಲಾಕ್ಸಿಗಳೂ ಬದಲಾಗುತ್ತವೆಯಾದರೂ ಅಷ್ಟು ತೀವ್ರ ಏರಿಳಿತ ಅವುಗಳಲ್ಲಿ ವಿರಳ. ಕಡಿಮೆ ಶಕ್ತಿಯ ಫೋಟಾನ್‌ಗಳನ್ನಷ್ಟೇ ಸೂಸುತ್ತ ಕೆಲಕಾಲ ಬೆಳಗುವುದು ನೋವಾ (ಶ್ವೇತಕುಬ್ಜ ನಕ್ಷತ್ರದ ಮೇಲ್ಮೈಯ ಸ್ಫೋಟ) ಆಗಿರಬಹುದು, ಕ್ಷೀರಪಥದ ನಕ್ಷತ್ರವೊಂದರ ಜ್ವಾಲೆಯೂ ಆಗಿರಬಹುದು. ಇದನ್ನು ದೃಗ್ಗೋಚರ ಬೆಳಕಿನ ಚಿತ್ರ ನೋಡಿಯೇ ನಿರ್ಧರಿಸಬೇಕು.

ಪ್ರಕಾಶಮಾನ ಆಕರಗಳಲ್ಲಿ ಒಂದೇ ವೀಕ್ಷಣೆಯೊಳಗಿನ ಬದಲಾವಣೆಯನ್ನೂ ಹುಡುಕಬೇಕು. ಆಂಡ್ರೋಮಿಡಾದ ಒಂದು ಆಕರದಲ್ಲಿ ಕಂಡ 1.2 ಸೆಕೆಂಡಿನ ಮಿಡಿತ, ಅದು ತಿರುಗುವ ನ್ಯೂಟ್ರಾನ್ ನಕ್ಷತ್ರವೆಂದು (ಸಿಡಿದ ನಕ್ಷತ್ರದ ಅತಿ ಸಾಂದ್ರ ತಿರುಳೆಂದು) ತೋರಿಸಿತು; ಪ್ರಕಾಶದ ಅನುಪಾತದಿಂದ ಇಷ್ಟು ಸ್ಪಷ್ಟ ಉತ್ತರ ದೊರೆಯದು.

ಮಂದ ಆಕರ ಬದಲಾಗದಂತೆ ಕಂಡರೆ ಅದನ್ನು ಅವಶೇಷವೆಂದು ಬರೆಯಬಾರದು. ಅದರ ದೋಷಮಿತಿಯಲ್ಲಿ ಎಷ್ಟು ಪಟ್ಟಿನ ಏರಿಳಿತ ಪತ್ತೆಯಾಗಬಹುದಿತ್ತೆಂದು ಲೆಕ್ಕಹಾಕಿ, ಆ ಅಂಕಿಯನ್ನು ಪಟ್ಟಿಯಲ್ಲಿ ನಮೂದಿಸಿ, ಆಕರದ ಬಗೆಯ ಕಾಲಂ ಖಾಲಿ ಬಿಡಬೇಕು.